ಓದುಗರ ಪ್ರಶ್ನೆ, ನಮ್ಮ ಉತ್ತರ: ಮಲೆನಾಡಿನ ಮಕ್ಕಳಿಗೆ ಮಲೆನಾಡಲ್ಲೇ ಕೆಲಸ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಊರಲ್ಲಿ ಕೆಲಸ ಯಾಕಿಲ್ಲ, ಸರ್ಕಾರ ಏನು ಮಾಡುತ್ತಿದೆ, ನಾವೇನು ಮಾಡಬೇಕು? ಕೈಗಾರಿಕಾ ಇಲಾಖೆಯಲ್ಲಿದ್ದು ನಿವೃತ್ತನಾದ ನನಗೆ ಈ ಪ್ರಶ್ನೆಗಳು ಹೊಸವಲ್ಲ. ಕೇಳುವವರ ವಯಸ್ಸು ಮಾತ್ರ ಪ್ರತಿ ಸಲವೂ ಇಪ್ಪತ್ತೆರಡು, ಇಪ್ಪತ್ತಮೂರೇ ಆಗಿರುತ್ತದೆ. ಆದಷ್ಟಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಅಪ್ಪ ಇಲ್ಲಿನ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ನಲ್ಲಿ ಗುತ್ತಿಗೆ ಕಾರ್ಮಿಕರು. ನಾನು ಐಟಿಐ ಫಿಟ್ಟರ್ ಮುಗಿಸಿ ಮನೆಯಲ್ಲಿದ್ದೇನೆ. ಕಾರ್ಖಾನೆ ಮತ್ತೆ ಪೂರ್ತಿ ಶುರುವಾಗುತ್ತೆ, ಅಲ್ಲೀತನಕ ಕಾಯಿ ಅಂತಾರೆ ಅಪ್ಪ. ಬೆಂಗಳೂರಿನ ಪೀಣ್ಯಕ್ಕೆ ಬಾ ಅಂತಾರೆ ಸ್ನೇಹಿತರು. ಏನು ಮಾಡಲಿ ಸಾರ್?
— ಐಟಿಐ ಓದಿದ ಹುಡುಗ, ಹಳೇನಗರ, ಭದ್ರಾವತಿ

ಕಾಯಬೇಡಿ ತಮ್ಮಾ. ಹಾಗಂತ ಪೀಣ್ಯದ ಬಸ್ಸನ್ನೂ ನಾಳೆಯೇ ಹತ್ತಬೇಡಿ.

ನಿಮ್ಮ ತಂದೆಯವರ ಆಸೆ ನನಗೆ ಅರ್ಥವಾಗುತ್ತದೆ. 1918ರಲ್ಲಿ ಮೈಸೂರು ಸಂಸ್ಥಾನ ಆಗಿನ ಬೆಂಕಿಪುರದಲ್ಲಿ ಕೈಹಾಕಿದ ಕೆಲಸ ಅದು. 1923ರಲ್ಲಿ ಕುಲುಮೆ ಹೊತ್ತಿತು. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲಿನ ಕಾಡಿನ ಸೌದೆಯಿಂದ ಇದ್ದಿಲು, ಭದ್ರೆಯ ನೀರು. ಎಲ್ಲವೂ ಕೈಯಳತೆಯಲ್ಲಿತ್ತು, ಹಾಗಾಗಿ ಕಾರ್ಖಾನೆ ನಿಂತಿತು. ಒಂದು ಮನೆಯಲ್ಲಿ ಅಜ್ಜ, ಅಪ್ಪ, ಮಗ ಮೂವರೂ ಅದೇ ಗೇಟಿನೊಳಗೆ ದುಡಿದ ಊರು ನಿಮ್ಮದು. ಅಲ್ಲಿನವರಿಗೆ ಕಾರ್ಖಾನೆ ಎಂದರೆ ಬರೀ ಸಂಬಳವಲ್ಲ.

ಆದರೆ ಈಗಿನ ಸ್ಥಿತಿಯನ್ನು ಇದ್ದ ಹಾಗೇ ನೋಡಬೇಕು. 1989ರಲ್ಲಿ ಕಾರ್ಖಾನೆ ಭಾರತೀಯ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಹೋಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಕೆಮ್ಮಣ್ಣುಗುಂಡಿಯ ಗಣಿ ನಿಂತ ಮೇಲೆ ಸ್ವಂತ ಅದಿರಿಲ್ಲ. ಆಮೇಲೆ ಖಾಸಗಿಯವರಿಗೆ ಮಾರಲು ಹೊರಟರು. ಕೊಳ್ಳುವವರು ಮುಂದೆ ಬರಲಿಲ್ಲ. 2022ರಲ್ಲಿ ಅದನ್ನು ಕೈಬಿಟ್ಟು, 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನಕ್ಕೆ ಬಂದರು. ನಿಮ್ಮ ತಂದೆಯಂಥ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಹಗಲು ರಾತ್ರಿ ಕೂತರು. ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಅದನ್ನು ತಿರುಗಿಸಿದ್ದು ಆ ಧರಣಿ ಎಂದೇ ನಾನು ನಂಬಿದ್ದೇನೆ.

ಬಾರ್ ಮಿಲ್ ತಿರುಗುವುದೂ ಕಾರ್ಖಾನೆ ಪೂರ್ತಿ ಶುರುವಾಗುವುದೂ ಒಂದೇ ಅಲ್ಲ. ಬೇರೆ ಕಡೆಯಿಂದ ತಂದ ಉಕ್ಕಿನ ದಿಮ್ಮಿಯನ್ನು ಕಾಯಿಸಿ ಸರಳು ಎಳೆಯುವುದಕ್ಕೆ ಬೇಕಾಗುವುದು ಸ್ವಲ್ಪ ಜನ. ಅದಿರು ಕರಗಿಸಿ ಉಕ್ಕು ಮಾಡುವುದಕ್ಕೆ ಸಾವಿರಾರು ಕೈ ಬೇಕು. 2024ರ ಜೂನ್‌ನಲ್ಲಿ ಉಕ್ಕು ಖಾತೆ ವಹಿಸಿಕೊಂಡ ಎಚ್.ಡಿ. ಕುಮಾರಸ್ವಾಮಿಯವರು ಭದ್ರಾವತಿಗೆ ಬಂದು ಪುನಶ್ಚೇತನದ ಮಾತಾಡಿದ್ದಾರೆ. ಇನ್ನು ಮುಂದೆ ಯಾವ ಪಕ್ಷದವರು ಬಂದು ಮಾತು ಕೊಟ್ಟರೂ ನೀವು ಕೇಳಬೇಕಾದ್ದು ಹೀಗೆ: ಅದಿರು ಯಾವ ಗಣಿಯಿಂದ ಬರುತ್ತದೆ? ದುಡ್ಡು ಯಾವ ವರ್ಷದ ಬಜೆಟ್ಟಿನಲ್ಲಿದೆ? ಬರುವ ಕೆಲಸದಲ್ಲಿ ಕಾಯಂ ಎಷ್ಟು, ಗುತ್ತಿಗೆ ಎಷ್ಟು? ಈ ಮೂರಕ್ಕೂ ಉತ್ತರ ಸಿಕ್ಕ ದಿನ ನಿಮ್ಮ ತಂದೆಯ ಮಾತು ಕೇಳಿ ಕಾಯಬಹುದು. ಪೇಪರ್ ಟೌನಿನವರನ್ನು ವಿಚಾರಿಸಿ ನೋಡಿ. 1936ರ ಕಾಗದದ ಕಾರ್ಖಾನೆ ಎಂಪಿಎಂ 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಮೇಲೆ ಅಲ್ಲಿ ಎಷ್ಟು ಮನೆಯ ಮಕ್ಕಳು 'ಇವತ್ತು ತೆಗೀತಾರೆ, ನಾಳೆ ತೆಗೀತಾರೆ' ಎಂದು ವಯಸ್ಸು ಕಳೆದುಕೊಂಡರು ಎಂಬುದು ಅವರಿಗೇ ಗೊತ್ತು.

ಈಗ ನಿಮ್ಮ ವಿಷಯ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ದಾರಿಯಲ್ಲೇ ಮಾಚೇನಹಳ್ಳಿ, ನಿದಿಗೆ ಸಿಗುತ್ತವೆ. ಶಿವಮೊಗ್ಗ ದಾಟಿದರೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್. ಅಲ್ಲೆಲ್ಲ ಫೌಂಡ್ರಿಗಳಿವೆ, ಮಷಿನ್ ಶಾಪ್‌ಗಳಿವೆ. ಉಕ್ಕಿನ ಕಾರ್ಖಾನೆಯಲ್ಲಿ ಕೈಪಳಗಿದ ಜನ ಈ ಸುತ್ತಲಲ್ಲಿ ಇದ್ದುದರಿಂದಲೇ ಎರಕದ ಕಸುಬು ಇಲ್ಲಿ ಬೇರು ಬಿಟ್ಟಿತು. ಈ ಶೆಡ್ಡುಗಳ ಮಾಲೀಕರು ನನಗೆ ಸದಾ ಹೇಳುತ್ತಿದ್ದ ಮಾತು: 'ಹುಡುಗರು ಬರ್ತಾರೆ ಸಾರ್, ಅಳತೆ ಬರಲ್ಲ.'

ಅಳತೆ ಬರುವುದಿಲ್ಲ ಎಂದರೆ ಏನು? ಎರಕದಿಂದ ಬಂದ ಡ್ರಮ್ಮನ್ನು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತಿಗೆ ಕಟ್ಟಿ ಒಳಬಾಯಿ ಕೊರೆಯುತ್ತಾರೆ. ಐವತ್ತೋ ಅರವತ್ತೋ ತುಂಡು ಆಗುವಷ್ಟರಲ್ಲಿ ಟೂಲಿನ ತುದಿ ಸವೆದು ಒಳಬಾಯಿ ಇಪ್ಪತ್ತು ಮೈಕ್ರಾನಿನಷ್ಟು ಚಿಕ್ಕದಾಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಒಳಬಾಯಿ ಅಳೆಯುವ ಬೋರ್ ಗೇಜ್ ಇಳಿಸಿದರೆ ಮುಳ್ಳು ತೋರಿಸುತ್ತದೆ. ಆಪರೇಟರ್ ಆದವನು ಅದನ್ನು ಓದಿ, ಪ್ಯಾನೆಲ್‌ನಲ್ಲಿ ಆಫ್‌ಸೆಟ್, ಅಂದರೆ ಟೂಲಿನ ಸ್ಥಾನದ ಅಂಕಿ, ಅಷ್ಟು ಬದಲಿಸಿ, ಮುಂದಿನ ತುಂಡನ್ನು ಸರಿಯಾದ ಅಳತೆಗೆ ತರಬೇಕು. ಇದನ್ನು ಮಾಡಬಲ್ಲ ಹುಡುಗನಿಗೆ ಶಿವಮೊಗ್ಗದಲ್ಲಿ ಕೆಲಸ ಸಿಗುತ್ತದೆ. ಗೇಜ್ ಕಂಡರೆ ಹೆದರುವವನಿಗೆ ಪೀಣ್ಯದಲ್ಲೂ ಸಿಗುವುದು ಲೋಡಿಂಗ್, ಪ್ಯಾಕಿಂಗೇ.

ಇದನ್ನು ಕಲಿಯುವ ದಾರಿ ಅಪ್ರೆಂಟಿಸ್‌ಶಿಪ್. 1961ರ ಅಪ್ರೆಂಟಿಸ್ ಕಾಯ್ದೆಯ ಈಗಿನ ನಿಯಮದ ಪ್ರಕಾರ ಮೂವತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಘಟಕ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರವೇ ಭರಿಸುತ್ತದೆ. ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿ, ನೀವು ಓದಿದ ಐಟಿಐಯ ಪ್ಲೇಸ್‌ಮೆಂಟ್ ಅಧಿಕಾರಿಯ ಪತ್ರ ತೆಗೆದುಕೊಂಡು, ನೇರ ಶೆಡ್ಡಿಗೇ ಹೋಗಿ. ಫೋನಿನಲ್ಲಿ ಕೇಳಿದರೆ ಯಾರೂ ಸರಿಯಾಗಿ ಮಾತಾಡುವುದಿಲ್ಲ. ಬೆಳಗಿನ ಪಾಳಿ ಶುರುವಾಗುವ ಹೊತ್ತಿಗೆ ಸೂಪರ್‌ವೈಸರ್ ಸಿಗುತ್ತಾರೆ. ಒಂದು ವರ್ಷ ಕಲಿತು ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಕೈಗೆ ಬಂದ ಮೇಲೆ ಪೀಣ್ಯಕ್ಕೆ ಹೋಗುವುದಿದ್ದರೂ ಹೋಗಿ. ಆಗ ಸಂಬಳ ಹೇಳುವವರು ನೀವಾಗಿರುತ್ತೀರಿ.

ಜಿಲ್ಲಾಡಳಿತಕ್ಕೂ ಇಲ್ಲಿ ಒಂದು ಮಾತು ಹೇಳಬೇಕು. ಜಿಲ್ಲೆಯಲ್ಲಿ ಮೂವತ್ತು ಜನ ಮೀರಿದ ಘಟಕಗಳು ಯಾವುವು, ಪ್ರತಿಯೊಂದರಲ್ಲೂ ಎಷ್ಟು ಅಪ್ರೆಂಟಿಸ್‌ಗಳಿದ್ದಾರೆ ಎಂಬ ಪಟ್ಟಿಯನ್ನು ಐಟಿಐಗಳ ನೋಟಿಸ್ ಬೋರ್ಡಿಗೆ ಹಾಕಿ. ಇದಕ್ಕೆ ಹೊಸ ಯೋಜನೆ ಬೇಡ, ಹೊಸ ಕಾನೂನು ಬೇಡ. ಇರುವ ಕಾನೂನಿನ ಒಂದು ಪಟ್ಟಿ ಸಾಕು. ವರ್ಷಕ್ಕೊಂದು ಉದ್ಯೋಗ ಮೇಳಕ್ಕೆ ಪೆಂಡಾಲ್ ಹಾಕುವುದಕ್ಕಿಂತ ಹೆಚ್ಚು ಮಕ್ಕಳಿಗೆ ಅದರಿಂದ ದಾರಿಯಾಗುತ್ತದೆ.

ಪ್ರಶ್ನೆ: ಬಿ.ಎ. ಆಗಿದೆ. ಯುವನಿಧಿ ಬರುತ್ತಿದೆ. ಪೇಟೆಯ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಕರೆದಿದ್ದಾರೆ, ಆರು ಸಾವಿರ ಕೊಡುತ್ತಾರಂತೆ. ಸೇರಿದರೆ ಯುವನಿಧಿ ನಿಲ್ಲುತ್ತದಾ? ಹೇಳದೇ ಇದ್ದರೆ ಏನಾಗುತ್ತದೆ?
— ಓದುಗರೊಬ್ಬರು, ತೀರ್ಥಹಳ್ಳಿ

ನಿಲ್ಲುತ್ತದೆ ತಂಗೀ. ಯುವನಿಧಿ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ. ತಿಂಗಳಿಗೆ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ; ಕೆಲಸ ಸಿಗುವವರೆಗೆ, ಇಲ್ಲವೇ ಹೆಚ್ಚೆಂದರೆ ಎರಡು ವರ್ಷ. ಓದು ಮುಗಿದು 180 ದಿನ ಕಳೆದರೂ ಕೆಲಸವಿಲ್ಲದವರಿಗೆ ಇದು. ನಿಮಗೆ ಕೆಲಸವಿಲ್ಲವೆಂದು ನೀವೇ ಸ್ವಯಂ ಘೋಷಣೆ ಕೊಟ್ಟಿರುತ್ತೀರಿ. ಕೆಲಸಕ್ಕೆ ಸೇರಿ ಅದನ್ನೇ ಮುಂದುವರಿಸಿದರೆ ಸುಳ್ಳು ಘೋಷಣೆಯಾಗುತ್ತದೆ, ದುಡ್ಡು ವಾಪಸ್ ಕಟ್ಟುವ ಪ್ರಸಂಗ ಬರುತ್ತದೆ. ಬೇಡ.

ಕೆಲಸಕ್ಕೆ ಸೇರಿ. ಬಿಲ್ಲಿಂಗ್ ಜೊತೆಗೆ ಜಿಎಸ್‌ಟಿ ಲೆಕ್ಕ ಹೇಗೆ ಬರೆಯುತ್ತಾರೆ ಎಂದು ನೋಡಿ ಕಲಿತುಕೊಳ್ಳಿ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಬರುವ ಹುಡುಗಿಯರನ್ನು ಅಡಿಕೆ ಮಂಡಿಯವರು ಕರೆದು ಕೆಲಸ ಕೊಡುವುದನ್ನು ನಾನು ನೋಡಿದ್ದೇನೆ.

ಯೋಜನೆಯ ಬಗ್ಗೆಯೂ ಎರಡು ಮಾತು. 2024ರ ಜನವರಿ 12ರಂದು ಇದರ ಮೊದಲ ಹಣ ಹಾಕಿದ್ದು ನಮ್ಮ ಶಿವಮೊಗ್ಗದ ವೇದಿಕೆಯಿಂದಲೇ. ನಾನು ಇದರ ವಿರೋಧಿಯಲ್ಲ. ಸಂದರ್ಶನಕ್ಕೆ ಬೆಂಗಳೂರಿಗೆ ಹೋಗಿಬರುವ ಬಸ್ ಚಾರ್ಜಿಗೆ ಅಪ್ಪನ ಹತ್ತಿರ ಕೈಯೊಡ್ಡುವ ಸಂಕಟ ಅನುಭವಿಸಿದವರಿಗೇ ಗೊತ್ತು. ಅದನ್ನು ಈ ಹಣ ತಪ್ಪಿಸಿದೆ. ಆದರೆ ಸ್ಟೈಪೆಂಡ್ ಪಡೆದು ಅಪ್ರೆಂಟಿಸ್ ಆಗುವವರಿಗೆ, ಸರ್ಕಾರದ ಯೋಜನೆಯಲ್ಲೇ ಸಾಲ ತೆಗೆದು ಸ್ವಂತ ಕೆಲಸ ಹಿಡಿಯುವವರಿಗೆ ಈ ಹಣ ಸಿಗುವುದಿಲ್ಲ. ಇದು ಸರಿಯಲ್ಲ ಎಂದು ಎಲ್ಲಿ ಬೇಕಾದರೂ ಹೇಳುತ್ತೇನೆ. ಕಲಿಯಲು ಹೊರಟವರ, ಕೈಯಾರೆ ಏನೋ ಶುರುಮಾಡಿದವರ ಬೆನ್ನಿಗೇ ಈ ಹಣ ನಿಲ್ಲಬೇಕು. ಎರಡು ವರ್ಷದ ಅವಧಿಯನ್ನು ಅವರಿಗೆ ಪೂರ್ತಿ ಬಿಟ್ಟುಕೊಟ್ಟರೆ ಖಜಾನೆಗೆ ಆಗುವ ಹೊರೆ ಸಣ್ಣದು.

ಪ್ರಶ್ನೆ: ಖಾಸಗಿ ಕಂಪನಿಗಳಲ್ಲಿ ಕನ್ನಡಿಗರಿಗೆ ಮೀಸಲಾತಿ ಎಂದು ಹೇಳಿ ಮರುದಿನವೇ ಹಿಂದೆ ಸರಿದರಲ್ಲ, ಅದು ಬಂದಿದ್ದರೆ ನಮಗೆ ಕೆಲಸ ಸಿಗುತ್ತಿತ್ತೇ?
— ಡಿಪ್ಲೊಮಾ ವಿದ್ಯಾರ್ಥಿ, ಸಾಗರ

2024ರ ಜುಲೈನಲ್ಲಿ ಸಂಪುಟ ಒಪ್ಪಿದ ಮಸೂದೆ ಅದು. ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂದಿತ್ತು. ಉದ್ಯಮಿಗಳು ಗದ್ದಲ ಮಾಡಿದ ಕೂಡಲೇ ತಡೆಹಿಡಿದರು. ಕನ್ನಡಿಗರ ಉದ್ಯೋಗದ ಬಗ್ಗೆ ಸರ್ಕಾರ ನೇಮಿಸಿದ್ದ ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ಶಿಫಾರಸುಗಳನ್ನು ಕೊಟ್ಟಾಗಿನಿಂದ ಈ ಬೇಡಿಕೆ ಇದೆ. ಬೇಡಿಕೆ ನ್ಯಾಯದ್ದೇ. ನಮ್ಮ ನೆಲ, ನೀರು, ವಿದ್ಯುತ್ತು ರಿಯಾಯಿತಿಯಲ್ಲಿ ಪಡೆದವರು ನಮ್ಮ ಮಕ್ಕಳಿಗೆ ಕೆಲಸ ಕೊಡಬೇಕೆಂದು ಕೇಳುವುದರಲ್ಲಿ ನಾಚಿಕೆಯೇನಿಲ್ಲ.

ಆದರೆ ಕಾನೂನಿನ ತೊಡಕು ದೊಡ್ಡದಿದೆ. ಖಾಸಗಿ ಕೆಲಸದಲ್ಲಿ ಶೇ. 75 ಸ್ಥಳೀಯರಿಗೆ ಎಂದು ಹರಿಯಾಣ ಮಾಡಿದ್ದ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ರದ್ದು ಮಾಡಿತು. ನಮ್ಮದೂ ಅದೇ ದಾರಿ ಹಿಡಿಯುವ ಸಾಧ್ಯತೆ ಇತ್ತು. ಕೋರ್ಟಿನಲ್ಲಿ ನಿಲ್ಲುವ ಹಾದಿ ಬೇರೆ: ಜಮೀನು, ಸಬ್ಸಿಡಿ, ತೆರಿಗೆ ರಿಯಾಯಿತಿ ಕೊಡುವಾಗಲೇ ಸ್ಥಳೀಯರಿಗೆ ಕೆಲಸ ಎಂಬ ಷರತ್ತು ಬರೆಸಿಕೊಳ್ಳುವುದು. 2020–25ರ ರಾಜ್ಯದ ಕೈಗಾರಿಕಾ ನೀತಿಯಲ್ಲೇ ಒಟ್ಟು ಕೆಲಸದಲ್ಲಿ ಶೇ. 70, 'ಡಿ' ದರ್ಜೆಯಲ್ಲಿ ಶೇ. 100 ಕನ್ನಡಿಗರಿಗೆ ಎಂದಿತ್ತು. ಬರೆದದ್ದು ನಡೆಯಿತೇ ಎಂದು ಹೋಗಿ ನೋಡುವವರು ಬೇಕಾಗಿತ್ತು.

ಇನ್ನೊಂದು ವಿಷಯವನ್ನು ನೀವು ಸಾಗರದವರಾದ್ದರಿಂದ ಹೇಳುತ್ತೇನೆ. ಮೀಸಲಾತಿ ಬಂದರೂ ಕೆಲಸವಿರುವುದು ಬೆಂಗಳೂರಿನ ಸುತ್ತಲಲ್ಲೇ. ಸ್ಥಳೀಯ ಎಂದರೆ ರಾಜ್ಯ ಎಂದು ಹಿಡಿದರೆ ನೀವು ಊರು ಬಿಡುವುದೇನೂ ತಪ್ಪುವುದಿಲ್ಲ. ಪ್ರಾದೇಶಿಕ ಅಸಮತೋಲನ ನೋಡಲು ನೇಮಿಸಿದ್ದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, ತಾಲ್ಲೂಕನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ ಎಂದು ತೋರಿಸಿಕೊಟ್ಟಿತು. ಕೈಗಾರಿಕೆಯ ಲೆಕ್ಕವನ್ನೂ ಹಾಗೆಯೇ ತಾಲ್ಲೂಕುವಾರು ಕೇಳಬೇಕು.

ಪ್ರಶ್ನೆ: ಸೋಗಾನೆ ವಿಮಾನ ನಿಲ್ದಾಣದಿಂದ ಕೈಗಾರಿಕೆ ಬರುತ್ತದೆಯೇ?
— ಓದುಗರು, ವಿನೋಬನಗರ, ಶಿವಮೊಗ್ಗ

2023ರ ಫೆಬ್ರವರಿಯಲ್ಲಿ ಉದ್ಘಾಟನೆ, ಆಗಸ್ಟ್ ಕೊನೆಗೆ ವಿಮಾನ. ಹೂಡಿಕೆದಾರರು ಬೆಳಗ್ಗೆ ಬಂದು ಸಂಜೆ ವಾಪಸಾಗಲು ಅನುಕೂಲ, ಅಷ್ಟು ಮಟ್ಟಿಗೆ ಒಳ್ಳೆಯದು. ಆದರೆ ಎರಕದ ಕಬ್ಬಿಣ ವಿಮಾನದಲ್ಲಿ ಹೋಗುವುದಿಲ್ಲ. ನಮ್ಮ ಕೈಗಾರಿಕೆಗೆ ಅದಕ್ಕಿಂತ ಮುಖ್ಯವಾದದ್ದು ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲು ಮಾರ್ಗ. ಅದು ಮುಗಿದರೆ ಹುಬ್ಬಳ್ಳಿ ಕಡೆಗೆ ಸರಕಿನ ದಾರಿ ತೆರೆಯುತ್ತದೆ. ಅದರ ಕೆಲಸ ಎಲ್ಲಿಗೆ ಬಂತೆಂದು ಜನ ಕೇಳುತ್ತಲೇ ಇರಬೇಕು.

ಪ್ರಶ್ನೆ: ನಮ್ಮ ಅಜ್ಜನ ಕಾಲದಲ್ಲಿ ಶರಾವತಿಗೆ ಊರು ಬಿಟ್ಟು ಬಂದವರು ನಾವು. ಇಡೀ ರಾಜ್ಯಕ್ಕೆ ಕರೆಂಟು ಕೊಟ್ಟೆವು. ನಮ್ಮ ಹೊಸನಗರಕ್ಕೆ ಒಂದು ಕಾರ್ಖಾನೆಯನ್ನೂ ಯಾಕೆ ಕೊಡಲಿಲ್ಲ?
— ಓದುಗರೊಬ್ಬರು, ಹೊಸನಗರ ತಾಲ್ಲೂಕು

ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಕೆಳಗಿನ ಶರಾವತಿ ವಿದ್ಯುದಾಗಾರ 1,035 ಮೆಗಾವಾಟಿನದು. ರಾಜ್ಯದ ಕೈಗಾರಿಕೆಗಳು ದಶಕಗಟ್ಟಲೆ ಆ ಬಲದ ಮೇಲೆ ನಡೆದವು. ಮುಳುಗಿದ ತೋಟ, ಗದ್ದೆಗಳ ಯಜಮಾನರನ್ನು ಲಾರಿಯಲ್ಲಿ ತಂದು ಕಾಡಿನ ಅಂಚಿನಲ್ಲಿ ಇಳಿಸಿದರು.

ಈಗ ನಾನು ಹೇಳುವುದು ನಿಮಗೆ ಹಿಡಿಸದೇ ಇರಬಹುದು. ಹೊಸನಗರಕ್ಕೆ ಹೊಗೆ ಉಗುಳುವ ಕಾರ್ಖಾನೆ ಬೇಡ. ಆ ಮಳೆ, ಆ ಕಣಿವೆ, ಆ ಹೊಳೆಗಳಿಗೆ ಅದು ಹೊಂದುವುದಿಲ್ಲ. ಭದ್ರಾವತಿಯ ಇದ್ದಿಲಿಗೆ, ಕಾಗದದ ಬಿದಿರಿಗೆ ಮಲೆನಾಡಿನ ಕಾಡು ಎಷ್ಟು ಹೋಯಿತು ಎಂಬುದನ್ನು ಹಿರಿಯರು ಕಂಡಿದ್ದಾರೆ. ಆದರೆ ಕೆಲಸವೇ ಬೇಡವೆಂದಲ್ಲ. ಹೆಗ್ಗೋಡಿನ ಚರಕ ಎಂಬ ಸಹಕಾರ ಸಂಘದಲ್ಲಿ ಸುತ್ತಲ ಹಳ್ಳಿಯ ಹೆಂಗಸರು ಅಡಿಕೆ ಚೊಗರಿನ ಬಣ್ಣ ಹಾಕಿ ಕೈಮಗ್ಗದ ಬಟ್ಟೆ ನೇಯುತ್ತಾರೆ. ಅದು ನಮ್ಮ ಮಣ್ಣಿಗೆ ಒಗ್ಗುವ ಕೈಗಾರಿಕೆ. ಅಡಿಕೆ ಹಾಳೆಯಿಂದ ಮಾಡುವ ಹಾಳೆತಟ್ಟೆಯೂ ಅಂಥದ್ದೇ. ಆದರೆ 2025ರಲ್ಲಿ ಅಮೆರಿಕದವರು ಆರೋಗ್ಯದ ಕಾರಣ ಹೇಳಿ ಹಾಳೆತಟ್ಟೆಯ ಆಮದಿಗೆ ತಡೆ ಹಾಕಿದಾಗ ಸಣ್ಣ ಘಟಕದವರು ಕಂಗಾಲಾದರು. ಸರ್ಕಾರ ನಿಲ್ಲಬೇಕಾದದ್ದು ಇಂಥ ಹೊತ್ತಿನಲ್ಲಿ. ಪ್ರಯೋಗಾಲಯದ ಪರೀಕ್ಷೆ ಮಾಡಿಸಿ, ವರದಿ ಹಿಡಿದು ವಾದ ಮಾಡುವುದು ಒಬ್ಬ ಹಾಳೆತಟ್ಟೆಯವನಿಂದ ಆಗುವ ಕೆಲಸವಲ್ಲ.

ಮತ್ತೆ, ನಿಮ್ಮ ನಿಜವಾದ ತೊಡಕು ಬೇರೆಯೇ ಇದೆ, ಪತ್ರದ ಕೊನೆಯ ಸಾಲಿನಲ್ಲಿ ನೀವೇ ಬರೆದಿದ್ದೀರಿ: 'ಇರುವ ಜಾಗಕ್ಕೆ ಇನ್ನೂ ಹಕ್ಕುಪತ್ರ ಇಲ್ಲ.' ಹಕ್ಕುಪತ್ರವಿಲ್ಲದಿದ್ದರೆ ಭೂ ಪರಿವರ್ತನೆ ಇಲ್ಲ. ಪರಿವರ್ತನೆ ಇಲ್ಲದಿದ್ದರೆ ಶೆಡ್ಡಿಗೆ ಪರವಾನಗಿ ಇಲ್ಲ, ಬ್ಯಾಂಕು ಬಾಗಿಲು ತೆಗೆಯುವುದಿಲ್ಲ. ನಾನು ಕೆಲಸದಲ್ಲಿದ್ದಾಗ ಒಳ್ಳೊಳ್ಳೆಯ ಅರ್ಜಿಗಳು ಇದೇ ಒಂದು ಕಾಗದಕ್ಕೆ ಬಿದ್ದುಹೋಗುತ್ತಿದ್ದವು. ಸಬ್ಸಿಡಿಯ ಶೇಕಡಾವಾರು ಏರಿಸಿದರೆ ಅವರಿಗೇನು ಬಂತು? ಶರಾವತಿ ಸಂತ್ರಸ್ತರ ಭೂಮಿಯ ಪ್ರಶ್ನೆಯನ್ನು ಕಂದಾಯ, ಅರಣ್ಯ ಎಂದು ಎರಡು ಇಲಾಖೆಗಳ ನಡುವೆ ಎಳೆದಾಡುವುದು ಬಿಟ್ಟು, ಇದು ಉದ್ಯೋಗದ ಪ್ರಶ್ನೆಯೂ ಹೌದು ಎಂದು ಸರ್ಕಾರ ಒಪ್ಪಬೇಕು.

ಪ್ರಶ್ನೆ: ನಮ್ಮದು ಅನಾನಸು ತೋಟ. ಸೀಸನ್‌ನಲ್ಲಿ ಹಣ್ಣು ಕೇಳುವವರಿಲ್ಲ. ಜಾಮ್, ಪಲ್ಪ್ ಘಟಕ ಹಾಕೋಣ ಎಂದು ನಾನು, ನನ್ನ ನಾದಿನಿ ಹೊರಟಿದ್ದೇವೆ. ಬ್ಯಾಂಕಿನವರು 'ಜಾಮೀನು ತನ್ನಿ' ಎಂದು ಎರಡು ಸಲ ಕಳಿಸಿದರು. ಏಜೆಂಟ್ ಒಬ್ಬ ಮಾಡಿಸಿಕೊಡುತ್ತೇನೆ, ಇಪ್ಪತ್ತು ಸಾವಿರ ಕೊಡಿ ಎನ್ನುತ್ತಾನೆ.
— ರೈತ ಮಹಿಳೆ, ಆನವಟ್ಟಿ ಕಡೆ, ಸೊರಬ ತಾಲ್ಲೂಕು

ಅಮ್ಮಾ, ಏಜೆಂಟನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ, ಅಂದರೆ ಪಿಎಂಎಫ್‌ಎಂಇಯಲ್ಲಿ, ಶಿವಮೊಗ್ಗ ಜಿಲ್ಲೆಗೆ ಗುರುತಿಸಿದ ಬೆಳೆಯೇ ಅನಾನಸು. ಯೋಜನೆಯ ಸಹಾಯಧನ ಶೇ. 35, ಅದರ ಮೇಲೆ ರಾಜ್ಯ ಸೇರಿಸುವುದು ಶೇ. 15, ಒಟ್ಟು ಅರ್ಧ, 15 ಲಕ್ಷದ ಮಿತಿಯೊಳಗೆ. ನಿಮ್ಮ ಕೈಯಿಂದ ಕನಿಷ್ಠ ಶೇ. 10. ಅರ್ಜಿ ತುಂಬಲು, ಯೋಜನಾ ವರದಿ ಬರೆಯಲು ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸಿದ್ದಾರೆ. ಅವರ ಸಂಭಾವನೆಯನ್ನು ಯೋಜನೆಯೇ ಕೊಡುತ್ತದೆ. ಕೃಷಿ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿಯಲ್ಲಿ ಅವರ ಫೋನ್ ನಂಬರ್ ಸಿಗುತ್ತದೆ. ಈ ಸಾಲಿಗೆ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದನ್ನೂ ಅಲ್ಲೇ ವಿಚಾರಿಸಿ. ಇಲ್ಲವೆಂದಾದರೆ ಸ್ವಂತ ಉದ್ಯೋಗಕ್ಕೆ ಸಾಲ, ಸಹಾಯಧನ ಕೊಡುವ ಕೇಂದ್ರದ ಯೋಜನೆ ಪಿಎಂಇಜಿಪಿ ಇದೆ. ಅದರಲ್ಲಿ ಹಳ್ಳಿಯ ಮಹಿಳೆಗೆ ಶೇ. 35 ಸಹಾಯಧನ, ನಿಮ್ಮ ಪಾಲು ಶೇ. 5 ಮಾತ್ರ. ಆ ಸಹಾಯಧನ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಕೈಗೆ ಬರುವ ದುಡ್ಡು ಎಂದು ಲೆಕ್ಕ ಹಾಕಿಕೊಳ್ಳಬೇಡಿ.

ಯಂತ್ರ ಕೊಳ್ಳುವ ಮುಂಚೆ ವಿದ್ಯುತ್ ಕೊಡುವ ಮೆಸ್ಕಾಂ ಕಚೇರಿಗೆ ಹೋಗಿ. ತೋಟದ ಪಂಪ್‌ಸೆಟ್ಟಿನ ತ್ರೀ ಫೇಸ್ ದಿನಕ್ಕೆ ಕೆಲವೇ ಗಂಟೆ ಬರುವಂಥದ್ದು, ಅದರಲ್ಲಿ ಹಣ್ಣು ಅರೆಯುವ ಪಲ್ಪರ್ ಓಡಿಸಲು ಕಾನೂನೂ ಒಪ್ಪುವುದಿಲ್ಲ. ಪ್ರತ್ಯೇಕ ಕೈಗಾರಿಕಾ ಸಂಪರ್ಕ ಬೇಕು. ಟ್ರಾನ್ಸ್‌ಫಾರ್ಮರ್ ಎಷ್ಟು ದೂರ, ಕಂಬ ಎಷ್ಟು ಹಾಕಬೇಕು, ಅದರ ಖರ್ಚು ಯಾರದು ಎಂದು ಬರೆಸಿಕೊಂಡು ಬನ್ನಿ. ಸಣ್ಣ ಘಟಕಗಳ ಯೋಜನಾ ವರದಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಖರ್ಚು ಇದೇ, ಆಮೇಲೆ ಕುತ್ತಿಗೆಗೆ ಬರುವುದೂ ಇದೇ.

ಜಾಮ್ ಮಾಡಲು ನಿಮಗೆ ಮನೆಯಲ್ಲಿ ಬರುತ್ತದೆ, ನಿಜ. ಮನೆಯಲ್ಲಿ ತಟ್ಟೆಗೆ ಒಂದು ಹನಿ ಬಿಟ್ಟು ಹರಿಯದಿದ್ದರೆ ಆಯಿತು ಎಂದು ಇಳಿಸುತ್ತೀರಿ. ಮಾರುವ ಜಾಮಿಗೆ ಸಕ್ಕರೆಯ ಅಂಶವನ್ನು ಬ್ರಿಕ್ಸ್‌ನಲ್ಲಿ ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹನಿ ಹಾಕಿ ಬೆಳಕಿಗೆ ಹಿಡಿದು 68 ಬ್ರಿಕ್ಸ್ ಹತ್ತಿರ ಬಂದಿದೆಯೇ ಎಂದು ನೋಡಬೇಕು. ಕಡಿಮೆಯಾದರೆ ಮಳೆಗಾಲದಲ್ಲಿ ಬಾಟಲಿಯ ಬಾಯಲ್ಲಿ ಬೂಷ್ಟು ಹಿಡಿಯುತ್ತದೆ, ಹೆಚ್ಚಾದರೆ ಸಕ್ಕರೆ ಹರಳುಗಟ್ಟುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಇಂಥದ್ದಕ್ಕೆ ಅಲ್ಪಾವಧಿ ತರಬೇತಿಗಳಿವೆ. ಇಬ್ಬರಲ್ಲಿ ಒಬ್ಬರಾದರೂ ಹೋಗಿ ಬನ್ನಿ. ಮೊದಲ ವರ್ಷ ಪಲ್ಪಿನ ಗೊಡವೆ ಬೇಡ ಎಂಬುದು ನನ್ನ ಸಲಹೆ. ಪಲ್ಪ್ ಕೊಳ್ಳುವವರು ದೊಡ್ಡ ಕಂಪನಿಯವರು, ಅವರು ಕೇಳುವಷ್ಟು ಟನ್ ನಿಮ್ಮಿಂದ ಆಗುವುದಿಲ್ಲ. ಜಾಮ್, ಒಣಗಿಸಿದ ತುಂಡು ಇವುಗಳಿಂದ ಶುರುಮಾಡಿ. ಸಿಗಂದೂರಿಗೆ, ಜೋಗಕ್ಕೆ ಹೋಗುವ ದಾರಿಯ ಅಂಗಡಿಗಳಲ್ಲಿ ಮೊದಲು ಇಟ್ಟು ನೋಡಿ. 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ಸಿಗಂದೂರಿಗೆ ಲಾಂಚ್ ಕಾಯುವ ಕೆಲಸವಿಲ್ಲ.

ಇನ್ನು ಜಾಮೀನು. ಗೊತ್ತುಮಾಡಿದ ಮಿತಿಯೊಳಗಿನ ಸಣ್ಣ ಉದ್ಯಮದ ಸಾಲಕ್ಕೆ ಆಸ್ತಿ ಜಾಮೀನು ಕೇಳಬಾರದು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಅದಕ್ಕಿಂತ ಮೇಲಿನದಕ್ಕೆ ಸಿಜಿಟಿಎಂಎಸ್‌ಇ ಎಂಬ ಸಾಲ ಖಾತರಿ ನಿಧಿ ಇದೆ. ಮುಂದಿನ ಸಲ ಹೋದಾಗ ಬಾಯಿಮಾತಿನಲ್ಲಿ ವಾಪಸ್ ಬರಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಸಾಲ ಇಲ್ಲವೆಂದರೆ ಯಾಕೆ ಇಲ್ಲವೆಂದು ಬರೆದುಕೊಡಲು ಕೇಳಿ. ಬರೆದುಕೊಟ್ಟರೆ ಅದನ್ನು ಜಿಲ್ಲೆಯ ಬ್ಯಾಂಕುಗಳ ನಡುವೆ ಹೊಂದಾಣಿಕೆ ನೋಡುವ ಲೀಡ್ ಬ್ಯಾಂಕ್ ಮ್ಯಾನೇಜರ್ ಕಚೇರಿಗೆ ಒಯ್ಯಿರಿ. ಜಿಲ್ಲಾ ಮಟ್ಟದ ಬ್ಯಾಂಕರ್‌ಗಳ ಸಭೆಯಲ್ಲಿ ಇಂಥ ಅರ್ಜಿಗಳ ವಿಚಾರ ಬರುತ್ತದೆ. ಬರೆದುಕೊಡಲು ಒಪ್ಪದಿದ್ದರೆ ನಿಮ್ಮ ಅರ್ಜಿ, ಸ್ವೀಕೃತಿ ಎರಡರ ಜೆರಾಕ್ಸನ್ನು ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಕಳಿಸಿ, ಮೇಲ್ಮನವಿ ಹೇಗೆ ಬರೆಯಬೇಕೆಂದು ನಾನೇ ತಿದ್ದಿ ಕೊಡುತ್ತೇನೆ. ಮುಂದಿನ ಸೀಸನ್ ಶುರುವಾಗುವ ಮುಂಚೆ ಸಂಪರ್ಕವೂ ಸಾಲವೂ ಆಗಬೇಕಾದರೆ ಈ ವಾರವೇ ಮೆಸ್ಕಾಂ ಕಚೇರಿಗೆ ಹೋಗಿ.